ಶಿವಕುಮಾರಿ ಮೌಶಿಯ ಸೆರಗು

ಕಟಪಾಡಿ
20 ಜೂನ್ 2024

ಮಗಳೇ ಹರಿಣಿ,

ನಿನ್ನ ಗಂಡ ಮನೀಶ ಮುಂಬಯಿಯಿಂದ ಫೋನು ಮಾಡಿದ್ದ. ನನ್ನ ಕಿವಿಗೆ ಫೋನೆಂದರೆ ಬರೀ ಗುಂಯ್ ಎನ್ನುವ ಸದ್ದು. ಪಕ್ಕದ ಮನೆಯ ಯಕ್ಷಿತಾ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಕಿರುಚಿದಳು. ನನಗೆ ಗೊತ್ತಾಗುವ ಮೊದಲು ಇಡೀ ಕೇರಿಗೆ ಗೊತ್ತಾಯಿತು.

ನನಗೆ ತಿಳಿದದ್ದು ಇಷ್ಟು. ನಿನ್ನ ಹಿತೇಶನಿಗೆ ನಾಲ್ಕು ವರ್ಷವಾದರೂ ಮಾತಿಲ್ಲ. ಕೂತಲ್ಲಿ ಕೂರುವುದಿಲ್ಲ, ಬಾಗಿಲು ತೆರೆದರೆ ಓಡುತ್ತಾನೆ. ಅವನ ಪಕ್ಕದಲ್ಲೇ ಇರಲು ಒಬ್ಬ ಹೆಂಗಸನ್ನು ಇಟ್ಟರೆ ಮಾತ್ರ ಪಾರ್ಲೆಯ ಬಾಲವಾಡಿಯವರು ಸೇರಿಸಿಕೊಳ್ಳುತ್ತಾರೆ. ಅವಳ ಸಂಬಳಕ್ಕೆ ಸಹಾಯ ಕೇಳಿಕೊಂಡು ನೀವು ಹೋದ ಕಡೆಯಲ್ಲೆಲ್ಲ, ಮಗು ಮೊದಲು ದೊಡ್ಡ ಶಾಲೆಗೆ ಸೇರಲಿ, ಆಮೇಲೆ ಬನ್ನಿ ಎಂದರಂತೆ. ಬಾಲವಾಡಿಯಲ್ಲಿ ಕೂತು ಕಲಿಯದವನು ದೊಡ್ಡ ಶಾಲೆಗೆ ಸೇರುವುದು ಹೇಗೆ ಮಾರಾಯ್ತಿ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಆ ಹೆಂಗಸಿನ ಸಂಬಳ ನಾನು ಕೊಡುತ್ತೇನೆ. ಗ್ರಾಂಟ್ ರೋಡಿನ ನನ್ನ ಒಂಟಿ ಕೋಣೆಯ ಖೋಲಿಯಿಂದ ಬರುವ ಬಾಡಿಗೆ ಇನ್ನು ಮೇಲೆ ನೇರವಾಗಿ ಬಾಲವಾಡಿಗೆ ಹೋಗಲಿ. ನನ್ನ ಊಟಕ್ಕೆ ಬೇರೆ ಬೇಕಾದಷ್ಟು ಉಂಟು, ಆ ಚಿಂತೆ ನಿನಗೆ ಬೇಡ. ಇದನ್ನು ದಾನ ಎಂದೂ ತಿಳಿಯಬೇಡ. ನಿನ್ನ ಅತ್ತೆ ಮತ್ತು ನಾನು ಅದೇ ಖೋಲಿಯಲ್ಲಿ ಕೂತು ಹೋಟೆಲುಗಳಿಗೆ ಇಡ್ಲಿ ಹಿಟ್ಟು ರುಬ್ಬಿದವರು. ಅವಳ ಮೊಮ್ಮಗ ನನಗೂ ಮೊಮ್ಮಗನೇ.

ಒಂದು ಕರಾರು ಉಂಟು. ಫೋಟೋ ಬೇಡ, ರಸೀದಿ ಬೇಡ. ಮಗು ಹೇಗಿದ್ದಾನೆ ಎಂದು ನೀನೇ ನಿನ್ನ ಕೈಯಾರೆ ಕಾಗದ ಬರೆಯಬೇಕು. ಅವನಿಗೆ ಬಾಯಿ ಬಾರದು, ನನಗೆ ಕಿವಿ ಕೇಳದು. ಇಬ್ಬರನ್ನೂ ಒಂದು ಬೆಂಚಿನಲ್ಲಿ ಕೂರಿಸಿದರೆ ಜಗಳವೇ ಇರದು, ನೋಡು.

ಇತಿ,
ಅಕ್ಕು ದೊಡ್ಡಮ್ಮ


ವಿಲೆ ಪಾರ್ಲೆ
14 ಜುಲೈ 2024

ಪೂಜ್ಯ ಅಕ್ಕು ದೊಡ್ಡಮ್ಮನವರಿಗೆ ಹರಿಣಿಯ ನಮಸ್ಕಾರಗಳು.

ನಿಮ್ಮ ಆಶೀರ್ವಾದದಿಂದ ಇಲ್ಲಿ ನಾವೆಲ್ಲರೂ ಕ್ಷೇಮ. ನೀವೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ.

ಹಿತೇಶ ಬಾಲವಾಡಿಗೆ ಹೋಗುತ್ತಿದ್ದಾನೆ. ಅವನ ಜೊತೆಗಿರಲು ಬಂದವರ ಹೆಸರು ಶಿವಕುಮಾರಿ, ಬೀದರ್ ಕಡೆಯವರು. ಇಲ್ಲಿ ಎಲ್ಲರೂ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ ಎನ್ನುತ್ತಾರೆ. ಮೊದಲ ದಿನ ಹಿತೇಶ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ. ಮೌಶಿ ಅವನನ್ನು ಮುಟ್ಟಲೂ ಇಲ್ಲ, ಕರೆಯಲೂ ಇಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ತಮ್ಮ ಸೆರಗಿನ ತುದಿಯನ್ನು ಅವನ ಮುಷ್ಟಿಯೊಳಗೆ ತುರುಕಿದರು. "ಹಿಡ್ಕೊ ರಾಜಾ, ಇದನ್ನ ಬಿಡಬ್ಯಾಡ" ಎಂದರು. ಅವನು ಹಿಡಿದುಕೊಂಡ. ಈಗ ಅವರು ಕೂತರೆ ಕೂರುತ್ತಾನೆ, ಎದ್ದರೆ ಏಳುತ್ತಾನೆ.

ನಮ್ಮಲ್ಲಿ ವಿಮಾನಗಳು ತಲೆಯ ಮೇಲೇ ಹಾದು ಹೋಗುತ್ತವೆ. ಆ ಸದ್ದು ಬಂದಾಗ ಅವನು ಎದ್ದು ನಿಲ್ಲುತ್ತಾನೆ, ಅಷ್ಟೆ. ಮಕ್ಕಳೆಲ್ಲರ ಜೊತೆ ಊಟವನ್ನೂ ಮಾಡುತ್ತಾನೆ. ನಾನು ಬೆಳಿಗ್ಗೆ ಒಂದು ಕ್ಯಾಟರಿಂಗ್ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದ್ದೇನೆ. ಎಲ್ಲ ನಿಮ್ಮಿಂದ.

ನಿಮ್ಮ ಮಗಳು,
ಹರಿಣಿ


ಕಟಪಾಡಿ
5 ಆಗಸ್ಟ್ 2024

ಹರಿಣಿ,

ನಿನ್ನ ಕಾಗದವನ್ನು ಓದಿ ಓದಿ ಮಡಿಕೆ ಹರಿಯುವ ಹಾಗಾಗಿದೆ. ಆ ಶಿವಕುಮಾರಿಗೆ ಎಷ್ಟು ಬುದ್ಧಿ! ಸೆರಗು ಕೊಟ್ಟು ಕೂರಿಸುವುದು ಯಾವ ಡಾಕ್ಟರಿಗೆ ಗೊತ್ತು?

ಇಲ್ಲಿ ಭಜನಾ ಮಂದಿರದಲ್ಲಿ ಹೆಂಗಸರು ನನ್ನನ್ನು ಬಿಡುವುದಿಲ್ಲ. "ಅಕ್ಕಕ್ಕಾ, ನೀವು ಹೊಳೆಗೆ ಹುಣಸೆಹಣ್ಣು ಕಲೆಸ್ತಾ ಇದ್ದೀರಿ. ಅಂಥ ಮಕ್ಕಳಿಗೆಲ್ಲ ಎಂತ ಬಾಲವಾಡಿ?" ಎಂದಳು ಒಬ್ಬಳು. ಕಿವಿ ಕೇಳದ ಹಾಗೆ ಕೂತೆ. ನನಗೆ ಬೇಕಾದಾಗ ಕೇಳುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಆದರೆ ಮಾತು ಮಾತ್ರ ಮುಳ್ಳಿನ ಹಾಗೆ ಉಳಿಯಿತು ಮಗಳೇ.

ಅದಕ್ಕೇ ಕೇಳುತ್ತೇನೆ. ಅವನು ಏನಾದರೂ ಬಾಯಿ ಬಿಟ್ಟನೇ? ನಿನ್ನನ್ನು ಅಮ್ಮ ಎಂದನೇ? ಹೆತ್ತವರಿಗೆ ಹೆಗ್ಗಣ ಮುದ್ದು, ನೀನು ಒಂದು ಚಮಚ ಬೆಲ್ಲ ಹೆಚ್ಚು ಹಾಕಿಯೇ ಬರೆಯುತ್ತೀ ಎಂದು ಗೊತ್ತು. ಹಾಕು, ಪರವಾಗಿಲ್ಲ. ಆ ಹೆಂಗಸರ ಮುಂದೆ ಓದಿ ಹೇಳಲು ನನಗೊಂದು ಸಂಗತಿ ಬೇಕು.

ಅಕ್ಕು ದೊಡ್ಡಮ್ಮ


ವಿಲೆ ಪಾರ್ಲೆ
2 ಸೆಪ್ಟೆಂಬರ್ 2024

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಚೌತಿ ಬಂತು, ಚಾಳಿನಲ್ಲಿ ಮಂಟಪ ಕಟ್ಟುತ್ತಿದ್ದಾರೆ.

ನಿಮಗೊಂದು ಸಂತೋಷದ ಸುದ್ದಿ. ಹೋದ ವಾರ ಹಿತೇಶ ನನ್ನನ್ನು ಅಮ್ಮ ಎಂದು ಕರೆದ. ಮನೆಯಲ್ಲಿ, ನಾನು ಇಡ್ಲಿ ತಟ್ಟೆ ಇಡುವಾಗ. ಬಹಳ ಸ್ಪಷ್ಟವಾಗಿಯೇ ಹೇಳಿದ. ಆಮೇಲೆ ಮತ್ತೊಂದು ಸಲವೂ ಹೇಳಿದ. ಈಗ ತನ್ನ ಕೈಯಿಂದಲೇ ತಿನ್ನುತ್ತಾನೆ. ಕ್ಲಾಸಿನಲ್ಲೂ ಬಹಳ ಸುಧಾರಿಸಿದ್ದಾನೆ. ಮೌಶಿ ಒಂದೆರಡು ದಿನ ರಜೆಯಲ್ಲಿದ್ದರು, ಡಬ್ಬಿಯ ತಗಡು ತಾಗಿ ಕೈಗೆ ಗಾಯವಾಗಿತ್ತು. ಈಗ ಪಟ್ಟಿ ಬಿಚ್ಚಿದ್ದಾರೆ.

ಭಜನಾ ಮಂದಿರದವರಿಗೆ ಖಂಡಿತ ಓದಿ ಹೇಳಿ. ನಿಮ್ಮ ಹಣ ಹೊಳೆಗೆ ಹೋಗಿಲ್ಲ.

ನಿಮ್ಮ ಮಗಳು,
ಹರಿಣಿ


ಕಟಪಾಡಿ
10 ಅಕ್ಟೋಬರ್ 2024

ಮಗಳೇ,

ಓದಿದೆ! ಮೈಕಿನಲ್ಲಿ ಓದಿಸಿದೆ! ಭಜನೆ ಮುಗಿದ ಮೇಲೆ ಯಕ್ಷಿತಾ ನಿಂತು ನಿನ್ನ ಕಾಗದ ಓದಿದಳು. ಹುಣಸೆಹಣ್ಣಿನ ಮಾತಾಡಿದವಳೇ ಮೊದಲು ಕಣ್ಣು ಒರೆಸಿಕೊಂಡದ್ದು. ನಿನ್ನ ಅತ್ತೆ ಇರಬೇಕಿತ್ತು. ನಾನು ಮನೆಗೆ ಬಂದು ಅವಳ ಹೆಸರಿನಲ್ಲಿ ಒಂದು ದೀಪ ಹಚ್ಚಿದೆ.

ಈಗ ಇನ್ನೊಂದು ವಿಷಯ. ಬಾಲವಾಡಿಯ ದೊಡ್ಡ ಟೀಚರ್ ನನಗೆ ಒಂದು ಕಾಗದ ಹಾಕಿದ್ದಾರೆ. ಅಲ್ಲೇ ಹತ್ತಿರದ ಬಿಲ್ಡಿಂಗ್ ಕೆಲಸಕ್ಕೆ ಬಂದ ದೇವಕ್ಕ ಎಂಬವಳಿಗೆ ಸಪ್ನಾ ಎಂಬ ಮಗಳು ಇದ್ದಾಳಂತೆ. ಮಗುವಿನ ಕುತ್ತಿಗೆ ನಿಲ್ಲುವುದಿಲ್ಲ. ತಾಯಿ ಸಿಮೆಂಟ್ ಹೊರುವಾಗ ಮಗು ಚೀಲದ ಮೇಲೆ ಮಲಗಿರುತ್ತದೆ. ಇಂಥ ಮಗುವಿಗೂ ಯಾರಾದರೂ ಸಹಾಯ ಮಾಡುವವರಿದ್ದರೆ ತಿಳಿಸಿ ಎಂದು ಕೇಳಿದ್ದರು. ಇರುವುದು ಒಂದು ಖೋಲಿ, ಒಂದು ಬಾಡಿಗೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು ನೋಡು!

ಹಿತೇಶನಿಗೆ ಬಾಯಿ ಬಂತು. ಬಾಯಿದ್ದ ಮಗ ಬರಗಾಲದಲ್ಲೂ ಬದುಕಿಕೊಳ್ಳುತ್ತಾನೆ. ದೀಪಾವಳಿ ರಜೆ ಮುಗಿದ ಮೇಲೆ ಶಿವಕುಮಾರಿ ಆ ಹುಡುಗಿಯ ಪಕ್ಕದಲ್ಲಿ ಕೂರಲಿ ಎಂದು ಟೀಚರಿಗೆ ಬರೆದುಬಿಟ್ಟೆ. ನಿನ್ನ ಮಗ ಅವಳಿಗೆ ಜಾಗ ಬಿಟ್ಟುಕೊಟ್ಟ ಹಾಗಾಯಿತು. ನಿನಗೆ ನನಗಿಂತ ಹೆಚ್ಚು ಸಂತೋಷವಾಗುತ್ತದೆ ಎಂದು ನನಗೆ ಗೊತ್ತು.

ಅಕ್ಕು ದೊಡ್ಡಮ್ಮ


ವಿಲೆ ಪಾರ್ಲೆ
28 ಅಕ್ಟೋಬರ್ 2024

ದೊಡ್ಡಮ್ಮನವರಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕಾಗದ ತಲುಪಿತು. ನೀವು ಮಾಡಿದ್ದು ಒಳ್ಳೆಯದೇ. ಆ ಮಗುವಿಗೂ ಒಳ್ಳೆಯದಾಗಲಿ.

ದೀಪಾವಳಿಯ ಶುಭಾಶಯಗಳು.

ಹರಿಣಿ


ಕಟಪಾಡಿ
2 ಡಿಸೆಂಬರ್ 2024

ಹರಿಣಿ,

ಒಂದು ತಿಂಗಳು ದಾಟಿತು, ನಿನ್ನ ಅಕ್ಷರ ಕಾಣದೆ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಾನೆ.

ಸಂಬಳ ಬೇರೆ ಮಗುವಿಗೆ ಹೋಯಿತೆಂದು ಕರಾರೂ ಮುಗಿಯಿತು ಎಂದುಕೊಂಡೆಯಾ? ಹಾಗಿದ್ದರೆ ನನಗೆ ಕೋಪ ಬರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಜಾತಿ ನಿನ್ನ ಅತ್ತೆಯದಲ್ಲ. ಹಿತೇಶ ಈಗ ಏನೇನು ಮಾತಾಡುತ್ತಾನೆ, ಬರೆ. ಅಜ್ಜಿ ಎನ್ನಲು ಕಲಿಸು.

ಅಕ್ಕು


ವಿಲೆ ಪಾರ್ಲೆ
9 ಜನವರಿ 2025

ದೊಡ್ಡಮ್ಮ,

ಹಿತೇಶ ಅಮ್ಮ ಎನ್ನಲಿಲ್ಲ. ಯಾವತ್ತೂ ಎಂದಿಲ್ಲ. ನಾನು ಬರೆದದ್ದು ಸುಳ್ಳು.

ತನ್ನ ಕೈಯಿಂದ ತಿನ್ನುವುದೂ ಸುಳ್ಳು. ಬಿಳಿ ಇಡ್ಲಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಅದನ್ನೂ ಹಿಂದೆ ಹಿಂದೆ ನಡೆದು ತಿನ್ನಿಸಬೇಕು. ಮೌಶಿಯ ಕೈಗೆ ತಗಡು ತಾಗಿರಲಿಲ್ಲ. ಹಿತೇಶ ಕಚ್ಚಿದ್ದ. ರಕ್ತ ಬಂದಿತ್ತು. "ಸಣ್ಣ ಕೂಸು, ಅದಕ್ಕೇನ್ ಗೊತ್ತಾಗ್ತದ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ವಿಮಾನ ಬಂದರೆ ಅವನು ಸುಮ್ಮನೆ ಎದ್ದು ನಿಲ್ಲುವುದಿಲ್ಲ. ಅದರ ಹಿಂದೆ ಓಡುತ್ತಾನೆ. ಸೆರಗು ಕೈಯಲ್ಲಿದ್ದದ್ದಕ್ಕೆ ಇಷ್ಟು ದಿನ ಉಳಿದ.

ಯಾಕೆ ಬರೆದೆ ಎಂದರೆ, ಬೇರೆ ತರಹ ಬರೆಯಲು ನನಗೆ ಬರುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟದ್ದು ಅದೇ. "ಊರಿಗೆ ಬರೆಯುವಾಗ ಒಳ್ಳೇದು ಮಾತ್ರ ಬರಿಯೋದು. ಅಷ್ಟು ದೂರ ಕೂತವರು ಕೆಟ್ಟ ಸುದ್ದಿ ಓದಿ ಎಂತ ಮಾಡ್ಲಿಕ್ಕುಂಟು?" ಎನ್ನುತ್ತಿದ್ದರು. ಅದಲ್ಲದೆ ನಿಮ್ಮ ಉಪ್ಪು ತಿಂದವಳು ನಾನು. ನಿಮ್ಮ ಹಣದಿಂದ ಏನೂ ಆಗುತ್ತಿಲ್ಲ ಎಂದು ಹೇಗೆ ಬರೆಯಲಿ? ಆ ಹೆಂಗಸರ ಮುಂದೆ ನೀವು ತಲೆ ತಗ್ಗಿಸುವುದು ನನಗೆ ಬೇಡವಾಗಿತ್ತು. ನನ್ನ ಮಗ ಸುಧಾರಿಸುತ್ತಿದ್ದಾನೆ ಎಂದು ಕಂಡರೆ ನೀವು ಸಹಾಯ ನಿಲ್ಲಿಸುವುದಿಲ್ಲ ಎಂದು ತಿಳಿದಿದ್ದೆ. ಸುಧಾರಿಸಿದವನಿಗೆ ಸಹಾಯ ಬೇಡ ಎಂದು ನನಗೆ ಹೊಳೆಯಲೇ ಇಲ್ಲ.

ನೀವು ದೊಡ್ಡ ಟೀಚರಿಗೆ ಬರೆದ ಕಾಗದ ಬಂದಾಗ ಅವರು ನನ್ನನ್ನು ಕರೆದು ಕೇಳಿದ್ದರು. "ಅಕ್ಕುಬಾಯಿ ಬರೀತಾರೆ, ಮನೇಲಿ ಬೋಲ್ತಾನಂತೆ. ಖರಾ ಕಾಯ್, ನಿಜಾನಾ?" ಇಲ್ಲ ಎನ್ನಲು ಅದೊಂದು ಅವಕಾಶವಿತ್ತು. ನಿಮ್ಮ ಕಾಗದ ಅವರ ಮೇಜಿನ ಮೇಲಿತ್ತು. ನಾನು ಹೌದು, ಮನೆಯಲ್ಲಿ ಮಾತಾಡುತ್ತಾನೆ ಎಂದೆ.

ರಜೆ ಮುಗಿದ ಮೇಲೆ ಮೌಶಿ ಸಪ್ನಾಳ ಹತ್ತಿರ ಕೂತರು. ಹಿತೇಶ ಕೋಣೆಯಲ್ಲಿದ್ದ ಎಲ್ಲ ಟೀಚರುಗಳ ದುಪಟ್ಟಾ ಹಿಡಿದು ನೋಡಿದ. ಅವರು ಬಿಡಿಸಿಕೊಂಡರು, ಅವರಿಗೂ ಕೋಣೆ ತುಂಬ ಮಕ್ಕಳು. ಅದೇ ವಾರ ವಿಮಾನ ಬಂದಾಗ ಗೇಟು ದಾಟಿ ಓಡಿದ. ಒಂದು ರಿಕ್ಷಾ ತಾಗಿತು. ಹಣೆ ಒಡೆದು ಹೊಲಿಗೆ ಹಾಕಿಸಿದೆವು, ಅಷ್ಟಕ್ಕೇ ಉಳಿದ. ಮರುದಿನ ಟೀಚರ್ ಕೈ ಮುಗಿದರು. "ನಮ್ಮಿಂದ ಆಗೋದಿಲ್ಲ ಹರಿಣಿತಾಯಿ. ಕಲ್ ಕುಛ್ ಹೋ ಗಯಾ ತೋ, ನಾಳೆ ಏನಾದ್ರೂ ಆಗಿಬಿಟ್ರೆ?" ನಾನೇ ಬಂದು ಪಕ್ಕದಲ್ಲಿ ಕೂರುತ್ತೇನೆ ಎಂದು ಬೇಡಿಕೊಂಡೆ. ನಾನು ಕಣ್ಣಿಗೆ ಕಂಡರೆ ಅವನು ನನ್ನನ್ನು ಎಳೆದುಕೊಂಡು ಬಾಗಿಲಿಗೇ ಹೋಗುತ್ತಾನೆ. ಎರಡು ದಿನ ನೋಡಿ ಅದನ್ನೂ ಬೇಡವೆಂದರು.

ಈಗ ಮನೆಯಲ್ಲಿದ್ದಾನೆ. ಚಪಾತಿ ಕೆಲಸ ಬಿಟ್ಟೆ. ಮನೀಶನ ಹೋಟೆಲಿನ ಸಂಬಳದಲ್ಲಿ ಮೌಶಿಯಂಥ ಇನ್ನೊಬ್ಬರನ್ನು ಇಡುವುದು ನಮ್ಮಿಂದ ಸಾಧ್ಯವಿಲ್ಲ. ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿದ್ದೇವೆ. ಬೆಳಿಗ್ಗೆ ಆಗುತ್ತಲೇ ಅವನೇ ಬಾಲವಾಡಿಯ ಚೀಲ ತಂದು, ಚಪ್ಪಲಿ ಹಾಕಿಕೊಂಡು, ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಾನೆ. ಇವತ್ತು ಇಲ್ಲ ಮಗಾ ಎಂದರೆ ತಿಳಿಯುವುದಿಲ್ಲ. ಅವನು ಅಳುವುದೂ ಇಲ್ಲ ದೊಡ್ಡಮ್ಮ, ಹಾಗೇ ನಿಂತಿರುತ್ತಾನೆ.

ನನ್ನ ಮಗನಿಗೆ ಬಾಲವಾಡಿ ತಪ್ಪಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಹರಿಣಿ


ಕಟಪಾಡಿ
27 ಜನವರಿ 2025

ಮಗಳೇ ಹರಿಣಿ,

ಅಕ್ಷರ ಬೇರೆ ಎಂದು ಹೆದರಬೇಡ. ಯಕ್ಷಿತಾ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಕೈಗೆ ಸ್ವಲ್ಪ ನೋವು, ಏನಿಲ್ಲ. ಉಳಿದಂತೆ ನಾನು ಕ್ಷೇಮ.

ನಿನ್ನ ಮೇಲೆ ಸಿಟ್ಟು ಬಂತು, ಇಲ್ಲವೆನ್ನುವುದಿಲ್ಲ. ಒಂದು ದಿನ ಇತ್ತು. ಆಮೇಲೆ ನನ್ನ ಮೇಲೆಯೇ ತಿರುಗಿತು. ಇಡ್ಲಿ ಹಿಟ್ಟು ಹುದುಗಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆಯದೆ ಹೇಳುತ್ತಿದ್ದವಳು ನಾನು. ನಿನ್ನ ಕಾಗದ ಮಾತ್ರ ನನಗೆ ತಿಳಿಯಲಿಲ್ಲ.

ತಿಳಿಯಬೇಕಿತ್ತು. ಗ್ರಾಂಟ್ ರೋಡಿನಿಂದ ನಾನು ನನ್ನ ಅಮ್ಮನಿಗೆ ಬರೆಯುತ್ತಿದ್ದ ಕಾಗದಗಳೂ ಹೀಗೆಯೇ ಇದ್ದವು. ಇಲ್ಲಿ ಎಲ್ಲರೂ ಕ್ಷೇಮ, ಊಟಕ್ಕೆ ತೊಂದರೆ ಇಲ್ಲ, ಇವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇವರು ನನ್ನನ್ನು ಬಿಟ್ಟು ಹೋಗಿ ಆಗಲೇ ವರ್ಷವಾಗಿತ್ತು. ನಿನ್ನ ಅತ್ತೆಯೇ ತನ್ನ ತಟ್ಟೆಯಿಂದ ತೆಗೆದು ನನಗೆ ಹಾಕುತ್ತಿದ್ದಳು. ಬಾ ಮಗಳೇ ಎಂದು ಅಮ್ಮ ಒಂದು ಸಾಲು ಬರೆದಿದ್ದರೆ ಅವತ್ತೇ ಬಸ್ಸು ಹತ್ತುತ್ತಿದ್ದೆ. ಬರೆಯಲಿಲ್ಲ. ಅಮ್ಮನ ತಪ್ಪಲ್ಲ. ಕ್ಷೇಮ ಎಂದು ಬರೆದವಳನ್ನು ಯಾರು ಕರೆಯುತ್ತಾರೆ?

ಈಗ ಆಗಬೇಕಾದದ್ದು ಹೇಳುತ್ತೇನೆ. ಎರಡು ಮಕ್ಕಳಿಗೆ ಎರಡು ಸಂಬಳ ಕೊಡುವ ಶಕ್ತಿ ನನಗಿಲ್ಲ. ಬೇರೆ ಬೇಕಾದಷ್ಟು ಉಂಟು ಎಂದದ್ದು ನಾನೂ ಹಾಕಿದ ಬೆಲ್ಲವೇ. ತಮ್ಮನ ಮನೆಯ ಗಂಜಿ, ಆ ಬಾಡಿಗೆ, ಅಷ್ಟೇ ಇರುವುದು. ಆದರೆ ನಾನು ಮೊದಲು ಮಾತು ಕೊಟ್ಟದ್ದು ನಿನ್ನ ಮಗನಿಗೆ. ನೀನು ಒಂದು ಸಾಲು ಬರೆ. ಶಿವಕುಮಾರಿ ಹಿತೇಶನ ಹತ್ತಿರ ಮರಳಿ ಹೋಗಲಿ ಎಂದು ನಾನು ಟೀಚರಿಗೆ ತಿಳಿಸುತ್ತೇನೆ. ಯಾರ ಮುಂದೆಯೂ ನಿನ್ನನ್ನು ಸಣ್ಣವಳು ಮಾಡುವುದಿಲ್ಲ. ಮುದುಕಿಗೆ ಮರೆವು, ಏನೋ ತಪ್ಪು ತಿಳಿದಳು ಎಂದು ನಾನೇ ಹೇಳಿಕೊಳ್ಳುತ್ತೇನೆ.

ಬೇಗ ಬರೆ. ಮಗು ಬಾಗಿಲಲ್ಲಿ ನಿಂತಿದ್ದಾನೆ.

ಅಕ್ಕು ದೊಡ್ಡಮ್ಮ


ವಿಲೆ ಪಾರ್ಲೆ
20 ಫೆಬ್ರವರಿ 2025

ದೊಡ್ಡಮ್ಮ,

ನೀವು ಕೇಳಿದ ಆ ಒಂದು ಸಾಲನ್ನು ನಿಮ್ಮ ಕಾಗದ ಓದಿದ ದಿನವೇ ಬರೆದೆ. ಲಕೋಟೆಗೆ ಹಾಕಿ ಅಂಟಿಸಿಯೂ ಇಟ್ಟೆ. ಟೀಚರಿಗೆ ಬಾಯಲ್ಲೂ ಹೇಳೋಣ ಎಂದು ಮರುದಿನ ಹಿತೇಶನನ್ನು ಕರೆದುಕೊಂಡು ಬಾಲವಾಡಿಗೆ ಹೋದೆ. ದಾರಿಯಲ್ಲಿ ಅವನು ನನಗಿಂತ ಮುಂದಿದ್ದ. ಎಷ್ಟೋ ದಿನಗಳ ಮೇಲೆ ನನಗೆ ಉಸಿರು ಸರಿಯಾಗಿ ಬಂದ ಹಾಗಿತ್ತು.

ಮೌಶಿ ಸಪ್ನಾಳನ್ನು ಮಡಿಲಲ್ಲಿಟ್ಟುಕೊಂಡು ಖಿಚಡಿ ತಿನ್ನಿಸುತ್ತಿದ್ದರು. ಒಂದು ಕೈ ಅವಳ ಗಲ್ಲದ ಕೆಳಗೆ, ಇನ್ನೊಂದು ಕೈಯಲ್ಲಿ ಚಮಚ. ಹಿತೇಶ ನೇರವಾಗಿ ಹೋಗಿ ಸೆರಗು ಹಿಡಿದು ಕೂತುಬಿಟ್ಟ. ಅಷ್ಟು ತಿಂಗಳಾದರೂ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಕೂತ. "ಬಂದ್ಯಾ ರಾಜಾ" ಎಂದರು ಮೌಶಿ. ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಇಬ್ಬರನ್ನೂ ಇವರೇ ನೋಡಿಕೊಳ್ಳಬಹುದಲ್ಲ ಎಂದು ನನಗೆ ಒಂದು ಕ್ಷಣ ಆಸೆಯಾಯಿತು.

ಆಗ ವಿಮಾನ ಬಂತು. ಹಿತೇಶ ಸೆರಗು ಹಿಡಿದೇ ಎದ್ದು ಓಡಿದ. ಮೌಶಿ ವಾಲಿದರು, ಸಪ್ನಾಳ ಗಲ್ಲದಿಂದ ಕೈ ಜಾರಿತು. ಮಗುವಿನ ತಲೆ ಹಿಂದಕ್ಕೆ ಬಿದ್ದು, ತುತ್ತು ಗಂಟಲಿಗೆ ಸಿಕ್ಕಿಕೊಂಡಿತು. ಮುಖ ನೀಲಿಯಾಯಿತು. ಟೀಚರ್ ಬಂದು ಬೆನ್ನು ಬಡಿದು ಅದನ್ನು ಹೊರಗೆ ತೆಗೆಸಿದರು. ಅಷ್ಟು ಹೊತ್ತೂ ಹಿತೇಶನ ಮುಷ್ಟಿ ಸೆರಗಿನಲ್ಲೇ ಇತ್ತು. ಅವನ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಗೇಟಿನ ಹತ್ತಿರ ಸಪ್ನಾಳ ತಾಯಿ ದೇವಕ್ಕ ಸಿಕ್ಕಿದಳು. ಊಟದ ಬಿಡುವಿನಲ್ಲಿ ಮಗಳನ್ನು ನೋಡಿ ಹೋಗಲು ಓಡಿ ಬಂದಿದ್ದಳು, ಕೈ ತುಂಬ ಸಿಮೆಂಟ್. ಒಳಗೆ ಆದದ್ದು ಅವಳಿಗೆ ಗೊತ್ತಿರಲಿಲ್ಲ. ನನಗೆ ಕನ್ನಡ ಬರೆಯಲು ಬರುತ್ತದೆ ಎಂದು ಮೌಶಿ ಅವಳಿಗೆ ಹೇಳಿದ್ದರಂತೆ. "ಅಕ್ಕಾರ, ಆ ಊರಿನ ಅಮ್ಮಾರಿಗೆ ನನ್ನ ಹೆಸರ್ಲೆ ಒಂದ್ ಕಾಗದ ಬರೀರಿ. ನಮ್ಮ ಸಪ್ನಾ ಭಾಳ ಚಲೋ ಅದಾಳ, ಕುತ್ತಿಗಿ ನಿಂತದ, ತಾನೇ ಉಣ್ತಾಳ, ನಿಮ್ಮ ಪುಣ್ಯ ಅಂತ ಬರೀರಿ" ಎಂದಳು. "ಹಂಗ್ ಬರದ್ರ ಅವರಿಗೂ ಕೊಟ್ಟಿದ್ದಕ್ಕ ಖುಷಿ ಆಗ್ತದ, ಹೌದಲ್ರೀ?"

ನಾನು ಅವಳ ಸಿಮೆಂಟಿನ ಕೈ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಅವಳಿಗೆ ಗಾಬರಿಯಾಯಿತು. ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಅದಕ್ಕೆ ಇದು ದೇವಕ್ಕನ ಕಾಗದ ಎಂದೇ ತಿಳಿಯಿರಿ. ಸಪ್ನಾ ಚೆನ್ನಾಗಿಲ್ಲ. ಅವಳ ಕುತ್ತಿಗೆ ನಿಂತಿಲ್ಲ, ನಿಲ್ಲುತ್ತದೆಯೋ ಇಲ್ಲವೋ ಗೊತ್ತಿಲ್ಲ. ಗಲ್ಲ ಹಿಡಿಯದೆ ಅವಳಿಗೆ ಒಂದು ತುತ್ತೂ ಇಳಿಯುವುದಿಲ್ಲ. ಕೈ ಬಿಟ್ಟರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡೆ. ಮುಂದೆ ಯಾರಾದರೂ ಅವಳು ಸುಧಾರಿಸಿದ್ದಾಳೆ ಎಂದು ನಿಮಗೆ ಬರೆದರೆ, ದೇವಕ್ಕನೇ ಬರೆಸಿದರೂ, ನಂಬಬೇಡಿ. ಶಿವಕುಮಾರಿ ಮೌಶಿಯನ್ನು ಅವಳ ಹತ್ತಿರದಿಂದ ತೆಗೆಯಬೇಡಿ. ಅಂಟಿಸಿಟ್ಟ ಲಕೋಟೆಯನ್ನು ಒಲೆಗೆ ಹಾಕಿದೆ.

ಇದನ್ನು ನಾನು ಸಂತೋಷದಿಂದ ಬರೆಯುತ್ತಿಲ್ಲ ದೊಡ್ಡಮ್ಮ. ನನಗೆ ಹೊಟ್ಟೆ ಉರಿಯುತ್ತದೆ. ದೊಡ್ಡ ಶಾಲೆಗೆ ಇನ್ನೂ ಎಷ್ಟೋ ಕಾಲವಿದೆ, ಅಲ್ಲಿಯವರೆಗೆ ನನ್ನ ಮಗ ಚಿಲಕ ಹಾಕಿದ ಕೋಣೆಯಲ್ಲಿ ಏನು ಕಲಿಯುತ್ತಾನೆ? ಈಗ ಮನೆಯಲ್ಲೂ ನಾನು ಸೀರೆಯನ್ನೇ ಉಡುತ್ತೇನೆ. ಸೆರಗು ಕೊಡುತ್ತೇನೆ. ಹಿಡಿದು ನೋಡುತ್ತಾನೆ, ಬಿಟ್ಟುಬಿಡುತ್ತಾನೆ. ಇವತ್ತೂ ಬೆಳಿಗ್ಗೆ ಚೀಲ ತಂದು ಬಾಗಿಲಲ್ಲಿ ನಿಂತಿದ್ದ.

ಇಲ್ಲಿ ನಾವು ಕ್ಷೇಮವಾಗಿಲ್ಲ.

ಈ ಸಲ ನಿಮ್ಮ ಕಾಗದ ಯಕ್ಷಿತಾಳ ಅಕ್ಷರದಲ್ಲಿತ್ತು. ನಿಮ್ಮ ಹೆಸರನ್ನೂ ಅವಳೇ ಬರೆದಿದ್ದಳು. ಕೈಗೆ ಏನಾಗಿದೆ? ಬಿದ್ದಿರಾ? ಯಾರು ನೋಡಿಕೊಳ್ಳುತ್ತಿದ್ದಾರೆ? ಏನಿಲ್ಲ ಎಂದು ಬರೆಸಬೇಡಿ ದೊಡ್ಡಮ್ಮ.

ಹರಿಣಿ